ಸುಖಾನ ಕಲ್ಲು, ನಮ್ಮ ತಾತನ ಹೆಸರು

ಗೆಳೆಯರೇ, ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ತಾತ, ಅಂದ್ರೆ ನಮ್ಮವ್ವನ ಅಪ್ಪ, ಮಿಲಿಟರಿಯಲ್ಲಿ ಇದ್ದವರು. ಎರಡನೇ ಮಹಾಯುದ್ಧದ ಕಾಲದ ಮಾತು. ಕೈಗೆ ಬಂದೂಕು ಕೊಟ್ಟಿರಲಿಲ್ಲ, ಪೊರಕೆ ಮತ್ತು ಬಕೆಟ್ಟು ಕೊಟ್ಟಿದ್ದರು. ಸಫಾಯಿವಾಲ. ರಜೆಗೆ ಬಂದಾಗ ಖಾಕಿ ಕೋಟು ಹಾಕ್ಕೊಂಡು ಕೇರಿಯಿಂದ ಊರೊಳಗೆ ನಡೆದರೆ ಅರಳಿಕಟ್ಟೆ ಮೇಲೆ ಕೂತವರು, "ಏನ್ಲಾ, ಮಿಲ್ಟ್ರೀಲಿ ಏನ್ ಹಿಡಿದಿದ್ದೆ? ಪೊರಕೇನಾ?" ಅಂತ ನಗಾಡ್ತಿದ್ದರಂತೆ. ತಾತ ಏನೂ ಹೇಳದೆ ಮುಂದಕ್ಕೆ ಹೋಗ್ತಿದ್ದರಂತೆ. ಇದನ್ನ ನಮ್ಮವ್ವ ನೂರು ಸಲ ಹೇಳಿದ್ದಾಳೆ. ತಾತ ತೀರಿಕೊಂಡಾಗ ನಮ್ಮ ಕೇರಿಗೆ ಸ್ಮಶಾನ ಅಂತ ಜಾಗ ಇರಲಿಲ್ಲ. ಕೆರೆ ಅಂಗಳದ ಅಂಚಿನಲ್ಲಿ ಮಣ್ಣು ಮಾಡಿದರು. ಆಮೇಲೆ ಆ ಅಂಚು ಯಾರದೋ ಗದ್ದೆಗೆ ಸೇರಿಹೋಯ್ತು. ಈಗ ಅಲ್ಲಿ ಕಬ್ಬು ಬೆಳೀತಾರೆ.

ತಾತನ ವಿಷಯ ಇಲ್ಲಿಗೆ ಇರಲಿ, ಕೊನೆಗೆ ಬರ್ತೀನಿ.

ಹೋದ ತಿಂಗಳು, ಸೌತಾಂಪ್ಟನ್‌ನಲ್ಲಿ ಓದ್ತಿರೋ ನಮ್ಮ ಹುಡುಗನೊಬ್ಬ ವಾಟ್ಸಾಪಿಗೆ ಒಂದು ಫೋಟೊ ಕಳಿಸಿದ. "ಅಣ್ಣ, ಇದನ್ನ ದೊಡ್ಡದು ಮಾಡಿ ಓದಿ" ಅಂತ ಕೆಳಗೆ ಬರೆದಿದ್ದ. ಒಂದು ಸಮಾಧಿ ಕಲ್ಲು. ಹ್ಯಾಂಪ್‌ಷೈರ್ ಜಿಲ್ಲೆಯ ಬ್ರಾಕನ್‌ಹರ್ಸ್ಟ್ ಅನ್ನೋ ಹಳ್ಳಿಯ ಸೇಂಟ್ ನಿಕೋಲಸ್ ಚರ್ಚಿನ ಅಂಗಳದಲ್ಲಿರೋದು. ಕಲ್ಲಿನ ಮೇಲಿರುವ ಹೆಸರು ಸುಖಾ. ಊರು: ಮೊಹಲ್ಲಾ ಗಂಗಾಪುರ, ಬರೇಲಿ ನಗರ, ಸಂಯುಕ್ತ ಪ್ರಾಂತ್ಯ, ಭಾರತ. ಸತ್ತದ್ದು 1915ರ ಜನವರಿ 12. ವಯಸ್ಸು 30. ಕೆಲಸ: ಕಸ ಗುಡಿಸೋದು, ಕಕ್ಕಸು ತೊಳೆಯೋದು. ಕಲ್ಲು ಅದನ್ನ ಮರ್ಯಾದೆಯಿಂದ "ವಿನೀತ ಸೇವಕ" ಅನ್ನೋ ಅರ್ಥದ ಮಾತಲ್ಲಿ ಹೇಳುತ್ತೆ. ಯುದ್ಧದ ಕಡತಗಳಲ್ಲಿ ಸೀದಾ "ಸ್ವೀಪರ್" ಅಂತಲೇ ಇದೆ.

ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಅಂಗಳದಲ್ಲಿ ಒಂದು ಜಾತಿಯ ಕಲ್ಲು ಬಹಳ ಸಿಗುತ್ತೆ (ಜಾತಿ ಅಂದ್ರೆ ಬಗೆ, ಗಾಬರಿ ಬೇಡ). ಮನೆತನದ ಕಲ್ಲು. ಮೇಲೆ ಅಪ್ಪನ ಹೆಸರು, ಕೆಳಗೆ ಅವ್ವನ ಹೆಸರು, ಅದರ ಕೆಳಗೆ ಮಗನ ಹೆಸರು. ಫ್ರಾನ್ಸಿನಲ್ಲೋ ಗ್ಯಾಲಿಪೋಲಿಯಲ್ಲೋ ಬಿದ್ದವನು ಅಂತ ಒಂದು ಸಾಲು. ಆ ಮಗನ ಹೆಣ ಆ ಮಣ್ಣಲ್ಲಿಲ್ಲ. ಎಲ್ಲೋ ಹೂತಿದ್ದಾರೆ, ಅಥವಾ ಸಿಕ್ಕೇ ಇಲ್ಲ. ಹೆಸರು ಮಾತ್ರ ಮನೆಗೆ ಬಂದಿದೆ.

ಯಾಕೆ ಹೀಗೆ ಅಂದ್ರೆ ಅದಕ್ಕೊಂದು ಹಿನ್ನೆಲೆ ಇದೆ. 1915ರ ಏಪ್ರಿಲ್ 13ರಂದು ಫ್ರಾನ್ಸಿನಲ್ಲಿ ಡಬ್ಲ್ಯು.ಜಿ.ಸಿ. ಗ್ಲಾಡ್‌ಸ್ಟನ್ ಅನ್ನೋ ಅಧಿಕಾರಿ ಸತ್ತ. ಆತ ಮಾಜಿ ಪ್ರಧಾನಿ ಗ್ಲಾಡ್‌ಸ್ಟನ್ನನ ಮೊಮ್ಮಗ, ಸ್ವತಃ ಪಾರ್ಲಿಮೆಂಟ್ ಸದಸ್ಯ. ಮನೆಯವರ ಪ್ರಭಾವದಿಂದ ಹೆಣವನ್ನ ಫ್ರಾನ್ಸಿನಿಂದ ತಂದು ಹಾರ್ಡನ್ ಊರಿನ ಚರ್ಚಿನ ಅಂಗಳದಲ್ಲೇ ಹೂಳಿದರು. ಆಮೇಲೆ ಸರ್ಕಾರ ಎಚ್ಚೆತ್ತಿತು. ಕಾಸಿದ್ದವರು ಮಕ್ಕಳ ಹೆಣ ತರಿಸಿಕೊಳ್ಳೋದು, ಇಲ್ಲದವರು ಸುಮ್ಮನಿರೋದು, ಇದು ನಡೆದರೆ ಸೈನ್ಯದಲ್ಲಿ ಅಸಮಾಧಾನ ಹೊಗೆಯಾಡುತ್ತೆ ಅಂತ ಹೆಣ ತರೋದನ್ನೇ ನಿಲ್ಲಿಸಿಬಿಟ್ಟರು. 1917ರಲ್ಲಿ ಹುಟ್ಟಿದ ಯುದ್ಧ ಸಮಾಧಿಗಳ ಆಯೋಗ ಇದನ್ನೇ ತತ್ವ ಮಾಡಿಕೊಂಡಿತು. ದೊಡ್ಡ ಅಧಿಕಾರಿಗೂ ಸಾಮಾನ್ಯ ಸಿಪಾಯಿಗೂ ಒಂದೇ ಅಳತೆಯ ಕಲ್ಲು. ದರ್ಜೆ, ಜನಾಂಗ, ಧರ್ಮ ನೋಡೋ ಹಾಗಿಲ್ಲ. ಮನೆಯವರು ಬೇಕಾದರೆ ಕಲ್ಲಿನ ಬುಡದಲ್ಲಿ 66 ಅಕ್ಷರದೊಳಗೆ ಒಂದು ಮಾತು ಕೆತ್ತಿಸಬಹುದು. ಅದಕ್ಕೂ ಶುರುವಿನಲ್ಲಿ ಅಕ್ಷರಕ್ಕೆ ಮೂರೂವರೆ ಪೆನ್ನಿ ಲೆಕ್ಕ. ನ್ಯೂಜಿಲೆಂಡ್ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಮಾನತೆ ಅಂದ್ರೆ ಸಮಾನತೆ, ಯಾರ ಕಲ್ಲಿನ ಮೇಲೂ ಮನೆಯವರ ಮಾತು ಬೇಡ ಅಂತ ತೀರ್ಮಾನಿಸಿತು.

ಸುಖಾ ಇರುವ ಚರ್ಚಿನ ಅಂಗಳದಲ್ಲೇ ಆ ನ್ಯೂಜಿಲೆಂಡ್ ಸೈನಿಕರ 93 ಸಮಾಧಿಗಳಿವೆ. ಸಾಲಾಗಿ, ಒಂದೇ ಥರ, ಮನೆಯವರ ಒಂದು ಮಾತೂ ಇಲ್ಲದೆ. ಅವರ ನಡುವೆ ಬರೇಲಿಯ ಸುಖಾನ ಕಲ್ಲು ಮೈತುಂಬಾ ಅಕ್ಷರ ಹೊತ್ತು ನಿಂತಿದೆ. ಅದನ್ನ ನೆಟ್ಟಿದ್ದು ಆಯೋಗ ಅಲ್ಲ, ಸರ್ಕಾರ ಅಲ್ಲ, ಅವನ ಮನೆಯವರೂ ಅಲ್ಲ. ಬ್ರಾಕನ್‌ಹರ್ಸ್ಟ್ ಊರಿನವರು. ಕಲ್ಲಿನ ಮೊದಲ ಸಾಲೇ ಅದನ್ನ ಹೇಳುತ್ತೆ.

ಈಗ ಸುಖಾ ಅಲ್ಲಿಗೆ ಹೇಗೆ ಹೋದ ಅನ್ನೋದು.

1914ರ ಸೆಪ್ಟೆಂಬರ್ ಕೊನೆಯಲ್ಲಿ ಭಾರತೀಯ ಸೈನ್ಯ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯಿತು. ಒಂದೇ ತಿಂಗಳಲ್ಲಿ ಗಾಯಾಳುಗಳು ಇಂಗ್ಲೆಂಡಿಗೆ ಬರತೊಡಗಿದರು. ಬ್ರೈಟನ್ನಿನಲ್ಲಿ, ಬ್ರಾಕನ್‌ಹರ್ಸ್ಟಿನಲ್ಲಿ, ಇನ್ನೂ ಕೆಲವು ಕಡೆ ಆಸ್ಪತ್ರೆ ತೆರೆದರು. ಬ್ರಾಕನ್‌ಹರ್ಸ್ಟಿನದಕ್ಕೆ ವೈಸರಾಯ್ ಹಾರ್ಡಿಂಜ್‌ನ ತೀರಿಹೋದ ಹೆಂಡತಿಯ ಹೆಸರಿಟ್ಟರು: ಲೇಡಿ ಹಾರ್ಡಿಂಜ್ ಆಸ್ಪತ್ರೆ. ಸುಖಾ ಇದ್ದದ್ದು ಅಲ್ಲೇ.

ಈ ಆಸ್ಪತ್ರೆಗಳ ಬಗ್ಗೆ ಓದಿದರೆ ನಗು ಬರುತ್ತೆ, ಆಮೇಲೆ ಹೊಟ್ಟೆ ಉರಿಯುತ್ತೆ. ಬ್ರೈಟನ್ನಿನ ಅರಮನೆಯಲ್ಲಿ ಮಾಡಿದ್ದ ಆಸ್ಪತ್ರೆಗೆ ಒಂಬತ್ತು ಅಡಿಗೆಮನೆ! ಜಾತಿಗೊಂದು, ಧರ್ಮಕ್ಕೊಂದು. ಕುಡಿಯೋ ನೀರಿಗೆ ಹಿಂದೂಗಳಿಗೆ ಬೇರೆ ನಲ್ಲಿ, ಮುಸಲ್ಮಾನರಿಗೆ ಬೇರೆ ನಲ್ಲಿ. ಜರ್ಮನ್ ಶೆಲ್ಲಿಗೆ ಕೈಕಾಲು ಕಳಕೊಂಡು ಏಳು ಸಮುದ್ರ ದಾಟಿ ಬಂದವನಿಗೂ ಪಕ್ಕದ ಮಂಚದವನ ನೀರು ಮೈಲಿಗೆ. ಬ್ರಿಟಿಷರು ಇದನ್ನ ಸುಮ್ಮನೆ ಸಹಿಸಿಕೊಂಡರು ಅಂತಲ್ಲ, ಕಾಳಜಿಯಿಂದ ಕಟ್ಟಿಕೊಟ್ಟರು. ನಾವು ನಿಮ್ಮ ಜಾತಿಯನ್ನ ಎಷ್ಟು ಚೆನ್ನಾಗಿ ಕಾಪಾಡ್ತೀವಿ ನೋಡಿ ಅಂತ ಹಿಂದೂಸ್ಥಾನಕ್ಕೆ ತೋರಿಸಬೇಕಿತ್ತು. ಅಷ್ಟೆಲ್ಲ ಅಡಿಗೆಮನೆ, ಅಷ್ಟೆಲ್ಲ ನಲ್ಲಿ ಇದ್ದ ಮೇಲೆ, ಕಕ್ಕಸು ಯಾರು ತೊಳೀಬೇಕು? ಅದಕ್ಕೆ ಬರೇಲಿಯ ಮೊಹಲ್ಲಾದಿಂದ ಸುಖಾನನ್ನ ಹಡಗು ಹತ್ತಿಸಿದರು. ಜಾತಿ ವ್ಯವಸ್ಥೆಯನ್ನ ಇಡಿಯಾಗಿ ಪೆಟ್ಟಿಗೆಗೆ ತುಂಬಿ ಸಾಗಿಸಿದಾಗ ಅದರ ತಳದಲ್ಲಿರೋನೂ ಜೊತೆಗೆ ಹೋಗಲೇಬೇಕಲ್ಲ.

ಅವನೊಬ್ಬನೇ ಅಲ್ಲ. ಆ ಯುದ್ಧಕ್ಕೆ ಭಾರತದಿಂದ ಬಂದೂಕಿಲ್ಲದೆ ಸೇರಿದವರು ಸುಮಾರು 5.6 ಲಕ್ಷ ಜನ. ಅಡಿಗೆಯವರು, ಭಿಸ್ತಿಗಳು, ಡೋಲಿ ಹೊರೋರು, ಕುದುರೆ ನೋಡ್ಕೊಳ್ಳೋ ಸಾಯಿಸ್‌ಗಳು, ಹೇಸರಗತ್ತೆ ಹೊಡಿಯೋರು, ಚಪ್ಪಲಿ ಹೊಲಿಯೋರು, ಕಸ ಗುಡಿಸೋರು, ಕೂಲಿ ದಳದವರು. ಸೈನ್ಯದ ಭಾಷೆಯಲ್ಲಿ ಇವರು "ಫಾಲೋಯರ್ಸ್", ಅಂದ್ರೆ ಹಿಂಬಾಲಕರು. ಪ್ರತಿ ವರ್ಷ ಸೆಪ್ಟೆಂಬರ್ 23 ಬಂದ್ರೆ ನಾವು ಹೈಫಾ ವಿಜಯ, ಮೈಸೂರು ಲ್ಯಾನ್ಸರ್ಸ್ ಅಂತ ಹೆಮ್ಮೆಯಿಂದ ಬರ್ಕೋತೀವಿ. ಬರ್ಕೊಳ್ಳೋಣ. ಆ ಕುದುರೆಗಳಿಗೆ ಹುಲ್ಲು ಹಾಕಿ ಲದ್ದಿ ಬಳಿದವರು ಯಾವ ಕೇರಿಯೋರು ಅಂತ ಒಬ್ಬರಾದ್ರೂ ಕೇಳಿದ್ದೀವಾ?

ಜನವರಿ 12ರಂದು ಸುಖಾ ಕಾಯಿಲೆಯಿಂದ ಸತ್ತ. ಆಮೇಲೆ ನಡೆದದ್ದು ಅಂತ ಹೇಳ್ತಾ ಬಂದಿರೋದು ಇಷ್ಟು. ಅಲ್ಲಿದ್ದ ಹಿಂದೂಗಳು ಇವನು ಅಸ್ಪೃಶ್ಯ, ನಮ್ಮವರನ್ನ ಸುಡೋ ಜಾಗದಲ್ಲಿ ಇವನನ್ನ ಸುಡಲ್ಲ ಅಂದರು. ಸರಿ, ಹೂಳೋಣ ಅಂತ ವೋಕಿಂಗ್ ಮಸೀದಿಯವರನ್ನ ಕೇಳಿದರೆ, ಇವನು ಮುಸಲ್ಮಾನ ಅಲ್ಲ, ನಮ್ಮ ಜಾಗದಲ್ಲಿ ಆಗಲ್ಲ ಅಂದರು. ಹೆಣ ಅಲ್ಲೇ ಉಳೀತು. ಕೊನೆಗೆ ಬ್ರಾಕನ್‌ಹರ್ಸ್ಟಿನ ಪಾದ್ರಿ, ಇವನು ಇಂಗ್ಲೆಂಡಿಗೋಸ್ಕರ ತಾನೇ ಸತ್ತಿರೋದು, ನಮ್ಮ ಚರ್ಚಿನ ಅಂಗಳದಲ್ಲೇ ಹೂಳ್ತೀನಿ ಅಂದ. ಊರಿನವರು ಕಲ್ಲು ನಿಲ್ಲಿಸಿದರು. ಇವನು ಕ್ರೈಸ್ತ ಅಲ್ಲ, ಆದರೆ ಜೀವ ಕೊಟ್ಟದ್ದು ಬೇರೆಯವರಿಗಾಗಿ ಅನ್ನೋ ಮಾತನ್ನೂ ಅದರ ಮೇಲೆ ಕೆತ್ತಿಸಿದರು.

ಹೆಣ ದಾರಿಯಲ್ಲೇ ಉಳಿಯೋದು ಅಂದ್ರೇನು ಅಂತ ನಮಗೆ ಯಾರೂ ವಿವರಿಸಬೇಕಿಲ್ಲ. ನಮ್ಮ ಚಿಕ್ಕತಾತ ಸತ್ತಾಗ ಮಳೆಗಾಲ. ಹಳ್ಳ ತುಂಬಿತ್ತು, ದಾಟೋ ಹಾಗಿರಲಿಲ್ಲ. ಗದ್ದೆ ಬದುವಿನ ಮೇಲೆ ಹೋಗ್ತೀವಿ ಅಂದ್ರೆ ಗದ್ದೆಯವರು ಬಿಡಲಿಲ್ಲ. ಚಟ್ಟ ಇಳಿಸಿ ರಾತ್ರಿ ತನಕ ಕಾದ್ವಿ. ಆಗ ನನಗೆ ಹನ್ನೊಂದು ವರ್ಷ. ಹೆಣದ ಮೇಲೆ ಗೋಣಿತಾಟು ಹೊದಿಸಿದ್ದು, ಅದರ ಮೇಲೆ ಮಳೆ ಬೀಳೋ ಸದ್ದು, ಎರಡೂ ನೆನಪಿದೆ.

ಇಲ್ಲಿ ಒಂದು ವಿಷಯ ಹೇಳಬೇಕು, ಇದನ್ನ ಹೆಚ್ಚಿನವರು ಸುಖಾನ ಕಥೆಗೆ ಜೋಡಿಸೋದೇ ಇಲ್ಲ. ಅವನು ಸಾಯೋಕೆ ಐದು ವರ್ಷ ಮುಂಚೆ, 1910ರಲ್ಲಿ, ಜನಗಣತಿ ಕಮಿಷನರ್ ಗೇಟ್ ಅನ್ನೋರು ಒಂದು ಸುತ್ತೋಲೆ ಹೊರಡಿಸಿದ್ದರು. ಹಿಂದೂ ಅಂತ ಬರೆಸಿಕೊಳ್ಳೋರಲ್ಲಿ ನಿಜಕ್ಕೂ ಯಾರು ಹಿಂದೂಗಳು, ಯಾರನ್ನ ಹೊರಗೆ ಇಟ್ಟಿದ್ದಾರೆ ಅಂತ ಬೇರೆ ಲೆಕ್ಕ ಹಾಕೋಣ ಅಂತ. ಅದಕ್ಕೆ ಹತ್ತು ಪರೀಕ್ಷೆ. ದೇವಸ್ಥಾನದ ಒಳಗೆ ಬಿಡ್ತಾರಾ, ಮುಟ್ಟಿದರೆ ಮೈಲಿಗೆಯಾ, ಬ್ರಾಹ್ಮಣರು ಪೂಜೆಗೆ ಬರ್ತಾರಾ, ಹೀಗೆ. ಅದರಲ್ಲಿ ಒಂದು: ಸತ್ತವರನ್ನ ಹೂಳ್ತಾರಾ? ಬಾಬಾಸಾಹೇಬರು 1948ರ ತಮ್ಮ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಈ ಹತ್ತು ಪರೀಕ್ಷೆಗಳನ್ನ ಎತ್ತಿಕೊಂಡು ಚರ್ಚೆ ಮಾಡ್ತಾರೆ. ಸುತ್ತೋಲೆ ಬಂದ ಕೂಡಲೇ ಹಿಂದೂ ಮುಖಂಡರೆಲ್ಲ ಎದ್ದು ಕೂತರು. ಹಿಂದೂಗಳನ್ನ ಒಡೀತಿದ್ದಾರೆ, ಸಂಖ್ಯೆ ಇಳಿಸ್ತಿದ್ದಾರೆ ಅಂತ ಗಲಾಟೆ. ಯಾಕಂದ್ರೆ ಆಗಲೇ ಸೀಟು, ಪ್ರಾತಿನಿಧ್ಯ ಎಲ್ಲ ತಲೆ ಎಣಿಕೆಯ ಮೇಲೆ ನಿಂತಿತ್ತು. ಅಂದ್ರೆ 1911ರ ಲೆಕ್ಕದ ಪುಸ್ತಕಕ್ಕೆ ಗಂಗಾಪುರ ಮೊಹಲ್ಲಾದ ಸುಖಾ ಹಿಂದೂ ಆಗಿರಲೇಬೇಕಿತ್ತು. 1915ರ ಸೌದೆಗೆ ಅವನು ಹಿಂದೂ ಆಗಿರಲಿಲ್ಲ.

ಅವನು ಏನನ್ನ ನಂಬ್ತಿದ್ದ? ಉತ್ತರದ ಆ ಸಮುದಾಯಗಳಲ್ಲಿ ಬಹಳ ಜನ ಲಾಲ್‌ಬೇಗ್ ಅನ್ನೋ ಪೀರನ ಒಕ್ಕಲು. ದೇವಸ್ಥಾನದ್ದೂ ಅಲ್ಲ ಮಸೀದಿಯದ್ದೂ ಅಲ್ಲದ, ಎರಡರಿಂದಲೂ ಒಂದಿಷ್ಟು ತಗೊಂಡ ತಮ್ಮದೇ ದಾರಿ. ನಮ್ಮ ಮಂಟೇಸ್ವಾಮಿ, ಮಾದಪ್ಪನ ಒಕ್ಕಲಿನವರಿಗೆ ಇದು ಅರ್ಥ ಆಗುತ್ತೆ. ಯಾವ ಪಟ್ಟಿಗೂ ಕೂರದ ನಂಬಿಕೆ. ಬದುಕಿರೋವಾಗ ಅದರಿಂದ ಯಾರಿಗೂ ತೊಂದರೆ ಇಲ್ಲ. ಸತ್ತಾಗ ಮಾತ್ರ ಯಾವ ಪಟ್ಟಿ ಅಂತ ಕೇಳ್ತಾರೆ.

ಇಷ್ಟು ಓದಿ ಯಾರಾದ್ರೂ "ನೋಡಿ, ಬಿಳಿಯರೇ ವಾಸಿ" ಅಂತ ಕಾಮೆಂಟ್ ಹಾಕೋಕೆ ಮುಂಚೆ ತಡೀರಿ. ಬ್ರಾಕನ್‌ಹರ್ಸ್ಟಿನ ಜನಕ್ಕೆ ನಾನು ಕೈ ಮುಗೀತೀನಿ, ಅದರಲ್ಲಿ ಸಂಕೋಚ ಇಲ್ಲ. ಆ ಊರಿಗೆ ಆ ಗುಣ ಮೊದಲಿಂದಲೂ ಇತ್ತು ಅನ್ಸುತ್ತೆ. ಕಾಡಿನಲ್ಲಿ ಮಣ್ಣುಹೆಂಟೆಯ ಗುಡಿಸಲು ಹಾಕ್ಕೊಂಡು ಹಾವು ಹಿಡಿದು ಬದುಕ್ತಿದ್ದ ಬ್ರಷರ್ ಮಿಲ್ಸ್ ಅನ್ನೋ ಮುದುಕ 1905ರಲ್ಲಿ ಸತ್ತಾಗಲೂ ಅಲ್ಲಿನವರೇ ದುಡ್ಡು ಹಾಕಿ ಅದೇ ಅಂಗಳದಲ್ಲಿ ಚಂದದ ಕಲ್ಲು ನಿಲ್ಲಿಸಿದ್ದಾರೆ. ಆದರೆ ಊರಿನವರು ಬೇರೆ, ಸಾಮ್ರಾಜ್ಯ ಬೇರೆ. ಕೋರೆಗಾಂವ್ ಕಂಬದ ಮೇಲೆ ಮಹಾರ್ ಸಿಪಾಯಿಗಳ 22 ಹೆಸರು ಕೆತ್ತಿಸಿದ ಅದೇ ಬ್ರಿಟಿಷರು 1892ರಲ್ಲಿ ಮಹಾರರ ಭರ್ತಿಯನ್ನೇ ನಿಲ್ಲಿಸಿದರು. ಕ್ಷಾತ್ರ ಜನಾಂಗ ಅನ್ನೋ ಬೊಗಳೆ ಸಿದ್ಧಾಂತ ಕಟ್ಟಿ ನಮ್ಮವರನ್ನ ಆಚೆ ಹಾಕಿದರು. ಸುಬೇದಾರ್ ರಾಮ್‌ಜಿ ಸಕ್ಪಾಲರ ಮಗನಿಗೆ ಆಗ ಒಂದು ವರ್ಷ. ಮೊದಲ ಯುದ್ಧದಲ್ಲಿ ಜನ ಸಾಲದೆ ಬಂದಾಗ 1917ರಲ್ಲಿ 111ನೇ ಮಹಾರ್ ದಳ ಕಟ್ಟಿದರು, ಯುದ್ಧ ಮುಗಿದ ಮೇಲೆ 1921ರಲ್ಲಿ ಬರಖಾಸ್ತು. ಎರಡನೇ ಯುದ್ಧಕ್ಕೆ ಮತ್ತೆ ಬೇಕಾಯ್ತು, 1941ರ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟ್ ಶುರು. ಶುರುವಾಗಿದ್ದು ನಮ್ಮ ಬೆಳಗಾವಿಯಲ್ಲೇ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಬೇಕಾದಾಗ ಯೋಧ, ಬೇಡವಾದಾಗ ಹೊಲೆಯ. ಬಂದೂಕು ಕೊಡದ ಕಾಲದಲ್ಲೂ ಪೊರಕೆ ಕೊಡೋದನ್ನ ಮಾತ್ರ ನಿಲ್ಲಿಸಲಿಲ್ಲ.

ಎಲ್ಲರಿಗೂ ಒಂದೇ ಕಲ್ಲು ಅನ್ನೋ ಆ ತತ್ವದ ಕಥೆಯೂ ಅಷ್ಟೇ. ಫ್ರಾನ್ಸಿನ ನವ್ ಶಪೆಲ್‌ನಲ್ಲಿ 1927ರಲ್ಲಿ ತೆರೆದ ಸ್ಮಾರಕದಲ್ಲಿ, ಹೆಣ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಯುರೋಪಿನವರ ಕಣ್ಣೆದುರು ಇರೋದಲ್ವಾ. ಇರಾಕಿನ ಬಸ್ರಾ ಸ್ಮಾರಕಕ್ಕೆ ಬನ್ನಿ. ಅಲ್ಲಿ ಬ್ರಿಟಿಷರ ಹೆಸರಿವೆ, ಭಾರತೀಯ ಅಧಿಕಾರಿಗಳ ಹೆಸರಿವೆ. ಉಳಿದ 33 ಸಾವಿರದಷ್ಟು ಭಾರತೀಯರು ಗೋಡೆಯ ಮೇಲೆ ಬರೀ ಸಂಖ್ಯೆ. ಇಂಥ ದಳ, ಇಷ್ಟು ಜನ. 2021ರ ಏಪ್ರಿಲ್‌ನಲ್ಲಿ ಆ ಆಯೋಗವೇ ಒಂದು ವರದಿ ತಂದು ತಪ್ಪೊಪ್ಪಿಕೊಂಡಿತು. 45 ಸಾವಿರದಿಂದ 54 ಸಾವಿರ ಏಷ್ಯಾ, ಆಫ್ರಿಕಾ ಜನರನ್ನ ಅಸಮಾನವಾಗಿ ನೆನೆದಿದ್ದೀವಿ. ಕಡಿಮೆ ಅಂದ್ರೆ 1,16,000, ಹೆಚ್ಚು ಅಂದ್ರೆ 3,50,000 ಜನರ ಹೆಸರನ್ನ ಎಲ್ಲೂ ಬರೆದಿಲ್ಲ, ಕೆಲವರಿಗೆ ಸ್ಮಾರಕವೇ ಇಲ್ಲದೆಯೂ ಇರಬಹುದು ಅಂತ. ಬ್ರಿಟನ್ ರಕ್ಷಣಾ ಮಂತ್ರಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ಸಂತೋಷ. ನೂರು ವರ್ಷ ತಡ. ನಮ್ಮ ಕಡೆಯಿಂದ ಯಾರು ಕ್ಷಮೆ ಕೇಳಬೇಕು, ಹೆಣ ಸುಡಲ್ಲ ಅಂದದ್ದಕ್ಕೆ?

ಕಲ್ಲು ನೆಡೋದು ನಮಗೆ ಹೊಸದಲ್ಲ. ಕರ್ನಾಟಕದ ಯಾವ ಹಳ್ಳಿಗೆ ಹೋದರೂ ವೀರಗಲ್ಲು ಸಿಗುತ್ತೆ. ತುರುಗಳ್ಳರ ಜೊತೆ ಹೋರಾಡಿ ಸತ್ತವನಿಗೆ ಕಲ್ಲು, ಊರು ಕಾಯ್ತಾ ಸತ್ತವನಿಗೆ ಕಲ್ಲು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ಕಲ್ಲಿತ್ತು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಅದು ಕಾಳಿ ಅನ್ನೋ ಒಂದು ನಾಯಿಯದು. ಗಂಗರ ಬೂತುಗ ತನ್ನ ಸರದಾರ ಮಣಲೇರನಿಗೆ ಕೊಟ್ಟ ಬೇಟೆನಾಯಿ. ಕಾಡುಹಂದಿ ಜೊತೆ ಕಾದಾಡಿ ಎರಡೂ ಸತ್ತವು. ನಾಯಿಯ ಹೆಸರಲ್ಲಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ನಾಯಿಯ ಮೇಲೆ ನನಗೇನೂ ಸಿಟ್ಟಿಲ್ಲ, ಚೆನ್ನಾಗಿಯೇ ಹೋರಾಡಿರಬೇಕು. ನಮ್ಮ ತಾತನನ್ನ ಹೂತ ಜಾಗದಲ್ಲಿ ಕಬ್ಬು ಬೆಳೀತಿದಾರೆ ಅನ್ನೋದನ್ನ ಇನ್ನೊಂದು ಸಲ ನೆನಪಿಸಿದೆ, ಅಷ್ಟೆ.

ಸುಖಾನ ಕಲ್ಲಿನಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಪಾದ್ರಿಯ ದೊಡ್ಡತನ ಅಲ್ಲ, ಬೈಬಲ್ ಮಾತೂ ಅಲ್ಲ. ಆ ವಿಳಾಸ. ಮೊಹಲ್ಲಾ ಗಂಗಾಪುರ. ಬರೀ ಇಂಡಿಯಾ ಅಂತ ಬರೆದಿದ್ದರೆ ಆಗ್ತಿತ್ತು. ಬರೇಲಿ ಅಂದಿದ್ದರೆ ಸಾಕಿತ್ತು. ಅವರು ಅವನ ಕೇರಿಯ ಹೆಸರನ್ನ ಕೇಳಿ ತಿಳ್ಕೊಂಡು, ಆ ಹೆಸರಿನ ಅಕ್ಷರ ಹೇಗೆ ಅಂತ ತಲೆ ಕೆಡಿಸಿಕೊಂಡು ಕಲ್ಲಿಗೆ ಇಳಿಸಿದ್ದಾರೆ. ಅದು ಬರೀ ಊರಿನ ಹೆಸರಲ್ಲ. ಅವನ ಅವ್ವನೋ ಹೆಂಡತಿಯೋ ಎಂದಾದರೂ ಬಂದು ಹುಡುಕಿದರೆ ಇವನೇ ಅಂತ ಗುರುತು ಸಿಗಲಿ ಅನ್ನೋ ಥರ ಇದೆ. ಅಲ್ಲಿನ ಮನೆತನದ ಕಲ್ಲುಗಳಲ್ಲಿ ಮನೆಯವರೆಲ್ಲ ಇದ್ದಾರೆ, ಸತ್ತ ಹುಡುಗ ಇಲ್ಲ. ಸುಖಾನ ಕಲ್ಲಿನ ಕೆಳಗೆ ಸುಖಾ ಇದ್ದಾನೆ, ಮನೆಯವರು ಯಾರೂ ಇಲ್ಲ, ಕೇರಿಯ ಹೆಸರು ಮಾತ್ರ ಜೊತೆಗಿದೆ.

ಈಗ ನಮ್ಮ ತಾತನ ವಿಷಯಕ್ಕೆ ಬರ್ತೀನಿ.

ವರ್ಷಗಟ್ಟಲೆ ಅರ್ಜಿ ಹಾಕಿ, ಧರಣಿ ಕೂತು, ನಮ್ಮ ಕೇರಿಗೆ ಸ್ಮಶಾನಕ್ಕೆ ಅಂತ ಒಂದಿಷ್ಟು ಜಾಗ ಸಿಕ್ಕಿದೆ. ಅಜ್ಜಿಯನ್ನ ಅಲ್ಲೇ ಮಣ್ಣು ಮಾಡಿದ್ದು. ಅಜ್ಜಿಗೆ ಒಂದು ಕಲ್ಲು ಹಾಕಿಸಬೇಕು ಅಂತ ನಮ್ಮವ್ವ ಬಹಳ ದಿನದಿಂದ ಹೇಳ್ತಿದ್ದಳು. ಈ ಫೋಟೊ ಬಂದ ಮೇಲೆ ನಾನು, ಅದೇ ಕಲ್ಲಿನ ಮೇಲೆ ತಾತನ ಹೆಸರನ್ನೂ ಕೆತ್ತಿಸೋಣ, ಹೆಣ ಅಲ್ಲಿ ಇಲ್ಲದಿದ್ದರೇನು ಅಂದೆ. ಎಲ್ಲರೂ ಒಪ್ಪಿದರು. ಏನಂತ ಬರೆಸೋದು ಅನ್ನೋದಕ್ಕೆ ಜಗಳ ಶುರುವಾಯ್ತು.

ನಮ್ಮ ಮಾವ, "ಸೈನಿಕರು ಅಂತ ಬರೆಸಪ್ಪ, ಸಾಕು" ಅಂದರು.

"ಸಫಾಯಿವಾಲ ಅಂತ ಹಾಕಬಾರದಾ ಮಾವ? ಪಿಂಚಣಿ ಪುಸ್ತಕದಲ್ಲಿ ಅದೇ ಇದೆ."

"ಸತ್ತ ಮೇಲೂ ಪೊರಕೆ ಹೊರಿಸಬೇಕಾ ಅವರಿಗೆ? ನಿಮಗೇನು, ಭಾಷಣ ಮಾಡೋರು. ಅರಳಿಕಟ್ಟೆ ಮೇಲಿನ ನಗು ಕೇಳಿರೋನು ನಾನು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾವ ಹೇಳಿದ್ದರಲ್ಲಿ ಏನು ತಪ್ಪಿದೆ? ಆ ಕೆಲಸವನ್ನ ಹೊಗಳೋಕೆ ನಾವು ಹೋರಾಟ ಮಾಡ್ತಿಲ್ಲ, ಅದರಿಂದ ಬಿಡಿಸೋಕೆ ಮಾಡ್ತಿದ್ದೀವಿ. ಆದರೆ ಅದನ್ನ ಮುಚ್ಚಿಟ್ಟರೆ ನಕ್ಕವರೇ ಗೆದ್ದ ಹಾಗಾಗುತ್ತೆ ಅಂತಲೂ ಅನ್ನಿಸ್ತಿತ್ತು. ಎರಡು ವಾರ ಮಾತು ಹೀಗೇ ಎಳೆದಾಡ್ತು. ಕೊನೆಗೆ ಅವ್ವ, "ಲೋ, ಇಬ್ರೂ ಸುಮ್ಕಿರಿ. ನಮ್ಮಪ್ಪ ಮಿಲ್ಟ್ರೀಲಿ ಇದ್ದ. ಎಲ್ಲಿ ಇದ್ದ, ಏನ್ ಮಾಡ್ತಿದ್ದ, ಯಾವ್ ಕೇರಿಯೋನು, ಎಲ್ಲಾನೂ ಬರ್ಸಿ. ಅವ್ನೇನ್ ಕದ್ದಿದ್ನಾ?" ಅಂದಳು.

ಮಾವ ಅವತ್ತು ಊಟ ಮಾಡದೆ ಎದ್ದು ಹೋದರು. ನಾಲ್ಕು ದಿನ ಬಿಟ್ಟು ಅವರೇ ಫೋನ್ ಮಾಡಿ, ಕಲ್ಲು ಕೆತ್ತೋನು ಅಕ್ಷರಕ್ಕಿಷ್ಟು ಅಂತ ರೇಟು ಹೇಳ್ತಿದ್ದಾನೆ, ಎಷ್ಟು ಅಕ್ಷರ ಆಗುತ್ತೆ ಲೆಕ್ಕ ಹಾಕಿ ಹೇಳು ಅಂದರು. ಲೆಕ್ಕ ಹಾಕಿ ಕಳಿಸಿದ್ದೀನಿ. ಅಜ್ಜಿಯ ಹೆಸರು, ತಾತನ ಹೆಸರು, ಸೈನ್ಯದಲ್ಲಿ ಸಫಾಯಿ ಕೆಲಸ ಮಾಡಿದವರು ಅಂತ ಒಂದು ಸಾಲು, ಆಮೇಲೆ ಕೇರಿ, ಊರು, ತಾಲ್ಲೂಕು.

ಬರೇಲಿ ಕಡೆ ಯಾರಾದ್ರೂ ಗೆಳೆಯರಿದ್ದರೆ ತಿಳಿಸಿ. ಗಂಗಾಪುರ ಮೊಹಲ್ಲಾಕ್ಕೆ ಹೋಗಿ ಈ ಫೋಟೊ ತೋರಿಸಬೇಕು ಅಂತ ನನ್ನ ಆಸೆ.

ಜೈ ಭೀಮ್.